ಸೂಜಿ, ಸಲೈನು ಮತ್ತು ನಮ್ಮೂರ ವೈದ್ಯರ ಸಂಘ

ವೈದ್ಯರ ಸಂಘ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಗಳು ಸಾಮಾನ್ಯವಾಗಿ ಎರಡೇ. ಒಂದು, ಜುಲೈ 1ರ ವೈದ್ಯರ ದಿನಾಚರಣೆ: ವೇದಿಕೆ, ಹೂಮಾಲೆ, ಡಾ. ಬಿ. ಸಿ. ರಾಯ್ ಅವರ ಭಾವಚಿತ್ರ, ಹಿರಿಯ ವೈದ್ಯರಿಗೊಂದು ಶಾಲು. ಇನ್ನೊಂದು, ಎಲ್ಲಿಯೋ ಆಸ್ಪತ್ರೆಯ ಗಾಜು ಒಡೆದ ಮರುದಿನ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮನವಿಪತ್ರ ಹಿಡಿದು ನಿಂತ ಸಾಲು. ದೂರದರ್ಶನದಲ್ಲಿ ಕಾರ್ಯಕ್ರಮ ತಯಾರಿಸುವ ನಾನು ಈ ಎರಡೂ ಚಿತ್ರಗಳನ್ನು ಹಲವು ಸಲ ತೆಗೆಸಿದ್ದೇನೆ. ಇವೆರಡರ ನಡುವೆ, ಕ್ಯಾಮೆರಾಕ್ಕೆ ಸುಲಭವಾಗಿ ಸಿಕ್ಕದ ಒಂದು ಕೆಲಸವಿದೆ. ಇವತ್ತು ಅದರ ಬಗ್ಗೆ ನಾಲ್ಕು ಮಾತು.

ತುಳಸಿಗೇರಿ ಬಾಗಲಕೋಟೆ ತಾಲ್ಲೂಕಿನಲ್ಲಿ ಕಲಾದಗಿಯ ಸಮೀಪದ ಊರು. ಹಣಮಪ್ಪನ ಗುಡಿಯಿಂದ ಹೆಸರಾದದ್ದು. ನಮ್ಮ ಕಡೆ ಗಂಡುಮಕ್ಕಳಿಗೆ ತುಳಸಿಗಿರಿ, ತುಳಸಿಗಿರೀಶ ಎಂದು ಹೆಸರಿಡುವುದು ಆ ದೇವರ ಮೇಲಿನ ಭಕ್ತಿಯಿಂದಲೇ. ಜ್ವರ, ಮೈಕೈ ನೋವು ಎಂದು ಇಂಥ ಊರಿನಿಂದ ಪೇಟೆಗೆ ಬಂದ ರೈತ ವೈದ್ಯರ ಮುಂದೆ ಕೂತು ಹೇಳುವ ಮೊದಲ ಮಾತು, "ಒಂದ್ ಸೂಜಿ ಮಾಡ್ರಿ, ಡಾಕ್ಟ್ರ." ಗುಳಿಗೆ ಸಾಕು ಎಂದರೆ ಮುಖ ಸಪ್ಪಗಾಗುತ್ತದೆ. ಹೊರಗೆ ಬಂದವನು, "ಬರೇ ಗುಳಿಗಿ ಬರದ್ ಕೊಟ್ರು, ಏನ್ ಡಾಕ್ಟ್ರೋ ಏನೋ" ಎನ್ನುತ್ತಾನೆ. ಎರಡು ದಿನ ಬಿಟ್ಟು ಬೇರೆ ದವಾಖಾನೆಯ ಮೆಟ್ಟಿಲು ಹತ್ತುತ್ತಾನೆ. ಅಲ್ಲಿ ಸೂಜಿ ಸಿಗುತ್ತದೆ. ಜ್ವರ ತಾನಾಗಿಯೇ ಇಳಿಯಬೇಕಾದ ದಿನವೂ ಅದೇ ಆಗಿರುತ್ತದೆ. ಹೆಸರು ಸೂಜಿಗೆ ಬರುತ್ತದೆ!

ಮೊದಲ ವೈದ್ಯರು ಸರಿಯಾದದ್ದನ್ನೇ ಮಾಡಿ ಒಬ್ಬ ರೋಗಿಯನ್ನು ಕಳೆದುಕೊಂಡರು. ಮುಂದಿನ ವಾರ ಮತ್ತೊಬ್ಬ ರೋಗಿ ಅದೇ ಮಾತು ಹೇಳಿದಾಗ ಅವರ ಕೈ ಸಿರಿಂಜಿನ ಕಡೆಗೆ ಹೋದರೆ, ಅವರೊಬ್ಬರನ್ನೇ ಬೈದು ಏನು ಬಂತು? ಇದು ಒಬ್ಬರಿಂದ ಬಿಡಿಸಲಾಗದ ಗಂಟು. ಪೇಟೆಯ ವೈದ್ಯರೆಲ್ಲ ಕೂಡಿ ಒಂದೇ ಮಾತು ಹೇಳಿದರೆ ಮಾತ್ರ ಬಿಡುತ್ತದೆ. ಸಂಘ ಬೇಕಾಗುವುದು ಇಲ್ಲಿ.

ಐ.ಎಂ.ಎ. ಎಂದು ಎಲ್ಲರೂ ಕರೆಯುವ ಭಾರತೀಯ ವೈದ್ಯಕೀಯ ಸಂಘ 1928ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು. ದೆಹಲಿಯಲ್ಲಿ ಕೇಂದ್ರ ಕಚೇರಿ, ರಾಜ್ಯಕ್ಕೊಂದು ಶಾಖೆ, ಅದರ ಕೆಳಗೆ ಊರೂರ ಶಾಖೆಗಳು; ಬಾಗಲಕೋಟೆಯಲ್ಲೂ ಒಂದಿದೆ. ವೈದ್ಯ ವಿಜ್ಞಾನದ ಬೆಳವಣಿಗೆ, ಜನರ ಆರೋಗ್ಯ, ವೃತ್ತಿಯ ಗೌರವ, ಇವು ಅದರ ಉದ್ದೇಶಗಳು. ಮೂರನೆಯದು ಪತ್ರಿಕೆಯಲ್ಲಿ ಬರುತ್ತದೆ. ಮೊದಲೆರಡು ಒಳಗಿನ ಕೆಲಸ. 2002ರ ವೃತ್ತಿ ನಿಯಮಾವಳಿ, ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆಯಾದರೂ ಹೊಸ ಪಾಠ ಕೇಳಬೇಕು ಎಂದಿತು. ಸಣ್ಣ ಊರುಗಳಲ್ಲಿ ಆ ಪಾಠದ ವ್ಯವಸ್ಥೆ ಮಾಡುವುದರಲ್ಲಿ ಇಂಥ ಶಾಖೆಗಳ ಪಾಲು ದೊಡ್ಡದು. ಸಂಜೆ ದವಾಖಾನೆ ಮುಚ್ಚಿದ ಮೇಲೆ ಒಂದು ಉಪನ್ಯಾಸ, ಆಮೇಲೆ ಊಟ. ಊಟದ ಖರ್ಚು ಯಾವ ಔಷಧ ಕಂಪನಿಯದು ಎಂದು ಕೇಳುವ ಹಕ್ಕು ನಮಗೂ ಇದೆ ಅನ್ನಿ. ವೈದ್ಯರು ಕಂಪನಿಗಳಿಂದ ಉಡುಗೊರೆ ಪಡೆಯಬಾರದೆಂದು 2009ರಲ್ಲಿ ಅದೇ ನಿಯಮಾವಳಿಗೆ ತಿದ್ದುಪಡಿ ತರಬೇಕಾಯಿತು. ಸುಮ್ಮನೆ ತರಲಿಲ್ಲವಲ್ಲ.

ಸೂಜಿಗೆ ಮರಳೋಣ. ಸೂಜಿಯ ಅಣ್ಣ ಸಲೈನು. "ಭಾಳ ಸುಸ್ತಾಗೈತ್ರಿ, ಒಂದ್ ಬಾಟ್ಲಿ ಹಚ್ರಿ" ಎನ್ನುವವರು ಆ ಬಾಟಲಿಯಲ್ಲಿ ಏನಿದೆಯೆಂದು ಕೇಳಿದ್ದನ್ನು ನಾನು ಕಂಡಿಲ್ಲ. ವಿಜ್ಞಾನ ಓದಿದವನಾದ್ದರಿಂದ ಲೆಕ್ಕ ಹಾಕುವ ಚಟ ನನ್ನದು. ಸಾಮಾನ್ಯ ಸಲೈನೆಂದರೆ 0.9 ಪ್ರತಿಶತ ಉಪ್ಪಿನ ನೀರು. ಅರ್ಧ ಲೀಟರಿನ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಒಂದು ಚಮಚಕ್ಕೂ ಕಡಿಮೆ. 'ಗ್ಲುಕೋಸ್ ಬಾಟ್ಲಿ'ಯಾದರೆ 5 ಪ್ರತಿಶತ ಸಕ್ಕರೆ, 25 ಗ್ರಾಂ. ಅದರಿಂದ ಬರುವ ಶಕ್ತಿ 100 ಕ್ಯಾಲೊರಿಯನ್ನೂ ಮುಟ್ಟುವುದಿಲ್ಲ. ನಮ್ಮ ಮನೆಯ ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿದೆ, ಪಲ್ಯ ಬೇರೆ!

ಹಾಗೆಂದು ಸಲೈನು ಸುಳ್ಳಲ್ಲ. ವಾಂತಿ ನಿಲ್ಲದವನಿಗೆ, ರಕ್ತಸ್ರಾವವಾದವಳಿಗೆ, ಪ್ರಜ್ಞೆ ತಪ್ಪಿದವನಿಗೆ ಅದು ಪ್ರಾಣ. ಆದರೆ ಬಾಯಿಂದ ಕುಡಿಯಬಲ್ಲವನಿಗೆ ಉಪ್ಪು ಸಕ್ಕರೆಯ ಜೀವಜಲ ಸಾಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳಿಗೆ ಇದನ್ನು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು. ಕರುಳಿನಲ್ಲಿ ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನು ಜೊತೆಗೆ ಎಳೆದುಕೊಳ್ಳುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಇಷ್ಟೇ ಗುಟ್ಟು. ಇದನ್ನು ಒಬ್ಬ ವೈದ್ಯರು ತಮ್ಮ ಕೋಣೆಯಲ್ಲಿ ದಿನಕ್ಕೆ ಎಂಬತ್ತು ಸಲ ಹೇಳಲಾರರು. ಸಂಘ ಜಾತ್ರೆಯಲ್ಲಿ ಒಂದು ಪೆಂಡಾಲು ಹಾಕಿ, ಒಂದು ಬಾಟಲಿ, ಒಂದು ರೊಟ್ಟಿ, ಒಂದು ತಕ್ಕಡಿ ಇಟ್ಟರೆ ಸಾಕು, ಭಾಷಣವೂ ಬೇಡ. ತುಳಸಿಗೇರಿಯ ಜಾತ್ರೆಗೆ ಸೇರುವಷ್ಟು ಜನ ನಮ್ಮ ಯಾವ ಆರೋಗ್ಯ ಕಾರ್ಯಕ್ರಮದ ಸ್ಟುಡಿಯೋಕ್ಕೂ ಬಂದದ್ದಿಲ್ಲ.

ಸೂಜಿಯ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೂಕವಿದೆ. 2004ರಲ್ಲಿ ಹೊರಬಂದ ಒಂದು ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್‌ಗಳು ನಡೆಯುತ್ತಿದ್ದವು. ಅವುಗಳಲ್ಲಿ ಮೂರರಲ್ಲಿ ಎರಡರಷ್ಟು ಒಂದಲ್ಲ ಒಂದು ರೀತಿಯಲ್ಲಿ ಅಸುರಕ್ಷಿತ. ಅದಕ್ಕೆ ಒಂದು ವರ್ಷ ಮೊದಲು, 2003ರಲ್ಲಿ, ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಹೆಚ್.ಐ.ವಿ. ಸೋಂಕು ಕಂಡಿತ್ತು. ಪೇಟೆಗಿಂತ ಹಳ್ಳಿಗಳಲ್ಲೇ ಹೆಚ್ಚು. ಸ್ಪಷ್ಟವಾಗಿ ಹೇಳುತ್ತೇನೆ, ಈ ಸೋಂಕು ಇಲ್ಲಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ, ಸೂಜಿಯಿಂದಲ್ಲ. ಆದರೆ ರಕ್ತದಿಂದ ಹರಡುವ ಸೋಂಕು ಇಷ್ಟಿರುವ ಕಡೆ ಬೇಡದ ಚುಚ್ಚುವಿಕೆಯೊಂದನ್ನೂ ಯಾರೂ ಹಗುರವಾಗಿ ಕಾಣಬಾರದು.

ಇಲ್ಲಿಯೂ ಮತ್ತೆ ಅದೇ ಗಂಟು. ಸೋಂಕಿತ ಹೆಣ್ಣುಮಗಳ ಹೆರಿಗೆಯನ್ನು ಒಬ್ಬ ವೈದ್ಯೆ ಮಾಡಿಸಿದರೆ, "ಆ ದವಾಖಾನೆಗೆ ಹೋಗಬ್ಯಾಡ್ರಿ, ಅಲ್ಲಿ ಅಂಥಾವ್ರು ಬರ್ತಾರ" ಎಂಬ ಮಾತು ಸಂಜೆಯೊಳಗೆ ಪೇಟೆ ಸುತ್ತುತ್ತದೆ. ಅದಕ್ಕೆ ಹೆದರಿ ಬಾಗಿಲು ಹಾಕಿದವರು ಎಲ್ಲರೂ ಕೆಟ್ಟವರಲ್ಲ, ಒಂಟಿಯಾದವರು. ಎಲ್ಲ ದವಾಖಾನೆಗಳೂ ಬಾಗಿಲು ತೆರೆದರೆ ಯಾವುದಕ್ಕೂ ಹೆಸರು ಅಂಟುವುದಿಲ್ಲ. ಎಲ್ಲ ರೋಗಿಗಳ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ ಮುಟ್ಟಿ, ಯಾರನ್ನೂ ತಿರುಗಿಸಬೇಡಿ, ಎಂಬ ಪಾಠ ಸಂಘದ ಸಭೆಯಲ್ಲಿ ಹೇಳಬೇಕಾದ ಪಾಠ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತ ಔಷಧ ಕೊಡತೊಡಗಿತು. ಚಿಕಿತ್ಸೆ ನಿರಾಕರಿಸುವುದು ತಪ್ಪೆಂದು ಹೇಳುವ ಕಾಯ್ದೆ 2017ರಲ್ಲಿ ಆಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಈ ಹೋರಾಟದಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳದು ಎಂಬುದನ್ನೂ ಸೇರಿಸಬೇಕು. ಮುಧೋಳದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ಕಟ್ಟಿಕೊಂಡ ಚೈತನ್ಯ ಸಂಘದವರು ಮನೆಮನೆಗೆ ಹೋಗಿ ಆಡಿದ ಮಾತು ಬಿಳಿ ಕೋಟಿನ ಉಪನ್ಯಾಸಗಳಿಗಿಂತ ಆಳಕ್ಕೆ ಇಳಿದಿರಬೇಕೆಂದು ನನ್ನ ಎಣಿಕೆ.

ಸಂಘ ಮತ್ತು ಸರ್ಕಾರ ಕೂಡಿ ಗೆದ್ದ ಕತೆ ಎಂದರೆ ಪೋಲಿಯೋ. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೋ ಶುರುವಾಯಿತು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಬಂತು. ಖಾಸಗಿ ವೈದ್ಯರು "ಹನಿ ಹಾಕಿಸಿರಿ" ಎಂದು ಒಂದೇ ದನಿಯಲ್ಲಿ ಹೇಳಿದ್ದು ಇದಕ್ಕೆ ಒದಗಿಬಂದ ಬಲಗಳಲ್ಲೊಂದು. ಈ ಕತೆ ನಿಮಗೆಲ್ಲ ಗೊತ್ತಿದ್ದದ್ದೇ.

ಒಂದೇ ದನಿಗೆ ಇನ್ನೊಂದು ಮುಖವೂ ಉಂಟು. ಖಾಸಗಿ ಆಸ್ಪತ್ರೆಗಳ ದರ ಮತ್ತು ಹೊಣೆಯ ಬಗ್ಗೆ ರಾಜ್ಯ ಸರ್ಕಾರ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತರಹೊರಟಾಗ, ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿ ಬೆಳಗಾವಿಯಲ್ಲಿ ಸೇರಿದರು. ಕೆಲವು ದಿನ ಜನ ಪರದಾಡಿದರು. ಹೈಕೋರ್ಟ್ ನಡುವೆ ಬಂತು. ಹಲವು ಕಟ್ಟುನಿಟ್ಟಿನ ಅಂಶಗಳನ್ನು ಸಡಿಲಿಸಿದ ಮಸೂದೆ ಅದೇ ತಿಂಗಳು ಅಂಗೀಕಾರವಾಯಿತು. ವೈದ್ಯರ ವಾದದಲ್ಲಿ ಸತ್ಯವಿರಲಿಲ್ಲವೆಂದು ನಾನು ಹೇಳಲಾರೆ. ಹತ್ತು ಹಾಸಿಗೆಯ ಊರ ದವಾಖಾನೆಯನ್ನೂ ನಗರದ ಐದು ನಕ್ಷತ್ರದ ಆಸ್ಪತ್ರೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ಆದರೆ ತಮ್ಮ ಮೇಲಿನ ಕಾಯ್ದೆಯ ವಿರುದ್ಧ ಒಂದು ವಾರದಲ್ಲಿ ಇಡೀ ರಾಜ್ಯವನ್ನು ಒಗ್ಗೂಡಿಸಬಲ್ಲವರು ಬೇಡದ ಸೂಜಿಯ ವಿರುದ್ಧ ಒಂದು ತಾಲ್ಲೂಕನ್ನಾದರೂ ಒಗ್ಗೂಡಿಸಬೇಡವೇ?

ಒಗ್ಗೂಡಬೇಕಾದ ಇನ್ನೊಂದು ವಿಷಯ ಈಗ ನಮ್ಮ ಹೊಲದಲ್ಲೇ ಇದೆ: ಹಾವಿನ ಕಡಿತ. 2000ದಿಂದ 2019ರವರೆಗಿನ ಲೆಕ್ಕ ತೆಗೆದ ಸಂಶೋಧಕರ ಅಂದಾಜಿನಲ್ಲಿ, ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಇದರಿಂದ ಸಾಯುತ್ತಾರೆ. ಹೆಚ್ಚಿನವರು ಹಳ್ಳಿಯವರು, ಮಳೆಗಾಲದಲ್ಲಿ ದುಡಿಯುವವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಲೆಕ್ಕ ಕೊಡಬೇಕು. ಲೆಕ್ಕ ಬಂದರೆ ಯಾವ ತಾಲ್ಲೂಕಿಗೆ ಎಷ್ಟು ಔಷಧ ಬೇಕೆಂಬುದು ತಿಳಿಯುತ್ತದೆ.

ಆದರೆ ಸಣ್ಣ ದವಾಖಾನೆಯ ವೈದ್ಯರ ಸಂಕಟ ಬೇರೆ. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಕೆಲವರ ಮೈಗೆ ಅದು ಒಗ್ಗದೆ ಕ್ಷಣದಲ್ಲಿ ರಕ್ತದೊತ್ತಡ ಕುಸಿಯಬಹುದು. ಅಡ್ರಿನಲಿನ್ ಕೈಯಲ್ಲಿದ್ದರೆ ಅದನ್ನು ನಿಭಾಯಿಸಬಹುದು. ಆದರೂ ರೋಗಿ ಸತ್ತರೆ? ಹೊರಗೆ ನಿಂತ ಐವತ್ತು ಜನ ಕೇಳುತ್ತಾರೆಯೇ? ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ರಾಜ್ಯದಲ್ಲಿ 2009ರ ಕಾಯ್ದೆಯಿದೆ, ನಿಜ. ರಾತ್ರಿ ಒಂದು ಗಂಟೆಗೆ ಕಾಯ್ದೆ ಬಾಗಿಲಲ್ಲಿ ನಿಲ್ಲುವುದಿಲ್ಲ. ಹೀಗಾಗಿ "ಜಿಲ್ಲಾಸ್ಪತ್ರೆಗೆ ಒಯ್ಯಿರಿ" ಎಂಬ ಚೀಟಿ. ದಾರಿಯಲ್ಲಿ ಹೋಗುವುದು ಬದುಕಿಸಬಹುದಾಗಿದ್ದ ಗಂಟೆ. ಮೊದಲ ಡೋಸ್ ಕೊಟ್ಟು ಆಮೇಲೆ ಕಳಿಸಿ, ಹೇಗೆಂದು ನಾವು ಕಲಿಸುತ್ತೇವೆ, ಏನಾದರೂ ಆದರೆ ನಿಮ್ಮ ಬೆನ್ನಿಗೆ ನಾವಿದ್ದೇವೆ, ಎಂದು ಆ ಒಂಟಿ ವೈದ್ಯರಿಗೆ ಹೇಳಬಲ್ಲದ್ದು ಅವರ ಸಂಘ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪ್ರತಿವಿಷ ಇದೆಯೇ ಎಂದು ಜಿಲ್ಲಾಡಳಿತವನ್ನು ಪ್ರತಿ ಮುಂಗಾರಿಗೂ ಮೊದಲು ಕೇಳಬೇಕಾದದ್ದೂ ಅದೇ. ಮೊದಲ ಡೋಸಿಗೇ 8ರಿಂದ 10 ಬಾಟಲಿ ಬೇಕು. ಎರಡು ಬಾಟಲಿ ಇಟ್ಟುಕೊಂಡು 'ಇದೆ' ಎನ್ನುವಂತಿಲ್ಲ.

ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಶುಭ್ರವಾದ, ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ಇನ್ನೂ ನೀರಿನಂತೆ ಹರಿದರೆ ಕೊಳಕುಮಂಡಲ ಅಥವಾ ಗರಗಸ ಮಂಡಲದ ವಿಷ ಕೆಲಸ ಮಾಡಿದೆ ಎಂದರ್ಥ. ಗಾಜೇ ಆಗಬೇಕು, ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಗಾಜಿನ ಮೈ ಚುರುಕುಗೊಳಿಸುತ್ತದೆ, ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳ ಮೇಲಿನದು, ಅದು ಈ ಪರೀಕ್ಷೆಗೆ ಸಿಗುವುದಿಲ್ಲ. ಅಲ್ಲಿ ರೆಪ್ಪೆ ಜೋತು ಬೀಳುತ್ತದೆಯೇ, ಮಾತು ತೊದಲುತ್ತದೆಯೇ ನೋಡಬೇಕು. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿ ಕಡಿಯುತ್ತದೆ, ನೋವೇ ಇರದು. ಬೆಳಗ್ಗೆ ಹೊಟ್ಟೆನೋವು ಎಂದು ಎದ್ದವರ ರೆಪ್ಪೆ ಭಾರವಾಗಿದ್ದರೆ ಹೊಟ್ಟೆಗೆ ಮದ್ದು ಕೊಡುತ್ತ ಕೂರಬೇಡಿ.

ಮನೆಯವರು ಮಾಡಬೇಕಾದದ್ದು ಕಡಿಮೆ. ಬಿಗಿಯಾಗಿ ಹಗ್ಗ ಕಟ್ಟಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ; ಆಮೇಲೆ ಊತ ಬಂದರೆ ಬರುವುದಿಲ್ಲ. ಕಡಿದ ಕೈಕಾಲು ಅಲುಗದಂತೆ ಕಟ್ಟಿಗೆಯ ಆಸರೆ ಕೊಡಿ, ನಡೆಸಬೇಡಿ, 108ಕ್ಕೆ ಫೋನು ಮಾಡಿ. ಹಾವನ್ನು ಹುಡುಕಿ ಕೊಂದು ತರುವ ಕೆಲಸ ಯಾರಿಗೂ ಬೇಡ. ನಮ್ಮಲ್ಲಿ ಸಿಗುವ ಪ್ರತಿವಿಷ ಆ ನಾಲ್ಕೂ ಹಾವುಗಳಿಗೆ ಒಂದೇ. ಕಡಿದ ವೇಳೆಯನ್ನು ಮಾತ್ರ ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ದವಾಖಾನೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು.