ಗಾಲಿಯ ಮೇಲಿನ ಕುಣಿತ: ಹಾಡು ಬಿಟ್ಟುಹೋದದ್ದೆಲ್ಲಿ?



ಬೀದರ್ ನಗರದ ಮೈಲೂರಿನಂಥ ಬಡಾವಣೆಯಲ್ಲಿ ಕಾಲಿಗೆ ಗಾಲಿ ಕಟ್ಟಿಕೊಂಡು ಕುಣಿಯುವ ಮಾತೆತ್ತಿದರೆ ನಗುವವರೇ ಹೆಚ್ಚು. ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಸ್ಕೇಟ್ ಕಟ್ಟಿದ ಹುಡುಗ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹತ್ತು ಸಂದು ಎದುರಾಗುತ್ತವೆ. ಕೆಂಪು ಕಲ್ಲಿನ ಹಳೆಯ ಓಣಿಗಳಲ್ಲಂತೂ ಕೇಳುವುದೇ ಬೇಡ. ಆದರೆ ಹಲಗೆಯ ಪೆಟ್ಟಿಗೆ ಕೋಲಾಟ, ಲೇಜಿಮು ಆಡಿ ಬೆಳೆದ ಕಾಲುಗಳಿಗೆ ತಾಳವೇನೂ ಹೊಸದಲ್ಲ. ಗಾಲಿಗೂ ತಾಳಕ್ಕೂ ನಂಟು ಬೆಳೆದದ್ದು ಹೇಗೆ, ನಮ್ಮಲ್ಲಿ ಅದು ಸಡಿಲವಾದದ್ದು ಹೇಗೆ ಎಂಬುದು ಕುತೂಹಲದ ಕಥೆ.

ಸ್ವಾರಸ್ಯವೆಂದರೆ, ಈ ಆಟದ ಮೊದಲ ಕಥೆಯಲ್ಲೇ ಸಂಗೀತವಿದೆ. 1760ರ ದಶಕದಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲಿ ಲಂಡನ್ನಿನ ಔತಣಕೂಟವೊಂದಕ್ಕೆ ಗಾಲಿಜೋಡು ತೊಟ್ಟು, ಪಿಟೀಲು ನುಡಿಸುತ್ತ ಬಂದನಂತೆ. ಬಂದವನು ನಿಲ್ಲಲಾಗದೆ, ತಿರುಗಲೂ ಆಗದೆ ನೇರ ದೊಡ್ಡದೊಂದು ನಿಲುಗನ್ನಡಿಗೆ ನುಗ್ಗಿ ಅದನ್ನು ಪುಡಿಮಾಡಿದ. ಪಿಟೀಲೂ ಉಳಿಯಲಿಲ್ಲ.

ಆ ತಿರುಗುವ ತೊಡಕನ್ನು ಬಿಡಿಸಿದವನು ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್. 1863ರಲ್ಲಿ ಆತ ಮುಂದೆರಡು, ಹಿಂದೆರಡು ಗಾಲಿಗಳ ಅಚ್ಚುಗಳಿಗೆ ರಬ್ಬರಿನ ಮೆತ್ತೆ ಕೊಟ್ಟ. ಮೈ ಯಾವ ಕಡೆ ಬಾಗಿತೋ ಗಾಲಿ ಆ ಕಡೆ ಹೊರಳಿತು. ಓಟ ಕುಣಿತವಾದದ್ದು ಇಲ್ಲಿಂದ. ಬಳಿಕ ಬಾಲ್ ಬೇರಿಂಗ್ ಬಂದು ಶ್ರಮ ತಗ್ಗಿತು. 1970ರ ದಶಕದಲ್ಲಿ ಪಾಲಿಯುರೆಥೇನ್ ಗಾಲಿ ಬಂತು. ಲೋಹದ ಗಾಲಿಯ ಗಡಗಡ ಸದ್ದು ಹೋಗಿ ನೆಲದ ಹಿಡಿತ ಹೆಚ್ಚಿತು. ಹಾಡು ಕಿವಿಗೆ ಬೀಳುವಂತಾಯಿತು ಎಂದರೂ ನಡೆದೀತು.

ಆದರೆ ರೋಲರ್ ಡಿಸ್ಕೊ ಹುಟ್ಟಿದ್ದು ಬರಿಯ ಯಂತ್ರದಿಂದಲ್ಲ. ಅಮೆರಿಕದ ಅನೇಕ ರಿಂಕ್‌ಗಳು ಬಹುಕಾಲ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ವಾರಕ್ಕೊಂದು ರಾತ್ರಿ. ಆ ಒಂದೇ ರಾತ್ರಿಗಾಗಿ ಕಾದು ಬಂದವರು ತಮ್ಮ ಸಂಗೀತವನ್ನು ಜೊತೆಗೆ ತಂದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಎಂಪೈರ್ ರೋಲರ್‌ಡ್ರೋಮಿನಲ್ಲಿ ಮೊದಲು ಆರ್ಗನ್ ವಾದ್ಯವೇ ಮೊಳಗುತ್ತಿತ್ತು. 1957ರಲ್ಲಿ ಅಲ್ಲಿಗೆ ಬಂದ ಬಿಲ್ ಬಟ್ಲರ್ ಜಾಝ್ ತಟ್ಟೆ ಹಾಕಿಸಿ, ಅದರ ಲಯಕ್ಕೆ ಕಾಲಾಡಿಸುವ ತನ್ನದೇ ಶೈಲಿ ಬೆಳೆಸಿದ. ಮುಂದೆ ರೋಲರ್ ಡಿಸ್ಕೊದ ಗುರುವೆಂದು ಹೆಸರಾದವನು ಅವನೇ. ಎಂಪೈರ್ 2007ರಲ್ಲಿ ಬಾಗಿಲು ಮುಚ್ಚಿತು. ಇಂಥ ರಿಂಕ್‌ಗಳ ಅಳಿವಿನ ಕಥೆಯನ್ನು 2018ರ ‘ಯುನೈಟೆಡ್ ಸ್ಕೇಟ್ಸ್’ ಸಾಕ್ಷ್ಯಚಿತ್ರ ಹೇಳುತ್ತದೆ.

ಗಾಲಿಯನ್ನು ಹಕ್ಕಿನ ಮಾತಿಗೂ ಬಳಸಿದವನೊಬ್ಬನಿದ್ದ. 1963ರ ಆಗಸ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವಾಷಿಂಗ್ಟನ್ ಮೆರವಣಿಗೆಗೆ ಲೆಜರ್ ಸ್ಮಿತ್ ಎಂಬಾತ ಷಿಕಾಗೊದಿಂದ ಸ್ಕೇಟಿಂಗ್ ಮಾಡುತ್ತಲೇ ಬಂದ. ದೂರ ಸುಮಾರು 1,100 ಕಿಲೋಮೀಟರ್, ಹಿಡಿದದ್ದು 10 ದಿನ. ಬೀದರಿನಿಂದ ಬೆಂಗಳೂರಿಗೆ 700 ಕಿಲೋಮೀಟರ್ ಎಂದು ನೆನೆದರೆ ಆ ಕಾಲುಗಳ ಪಾಡು ತಿಳಿದೀತು.

ನಮ್ಮ ದೇಶಕ್ಕೂ ಸ್ಕೇಟಿಂಗ್ ಬ್ರಿಟಿಷರ ಕಾಲದಲ್ಲೇ ಬಂತು, ಗಿರಿಧಾಮಗಳ ದೊರೆಗಳ ಮೋಜಾಗಿ. ಜನಸಾಮಾನ್ಯರ ಕಣ್ಣಿಗೆ ಅದನ್ನು ಹಾಡಿನೊಡನೆ ತಂದದ್ದು ಸಿನಿಮಾ. 1972ರ ‘ಸೀತಾ ಔರ್ ಗೀತಾ’ದಲ್ಲಿ ಹೇಮಾಮಾಲಿನಿ, ಸಂಜೀವ್ ಕುಮಾರ್ ರಸ್ತೆಯ ಮೇಲೆ ಗಾಲಿಯಲ್ಲಿ ಜಾರುತ್ತ ಹಾಡುವ ದೃಶ್ಯವನ್ನು ಮರೆತವರು ಕಡಿಮೆ. ಆದರೆ ತೆರೆಯ ಮೇಲಿನ ಆ ಸಂಜೆಯ ವಿನೋದ ಊರಿನೊಳಕ್ಕೆ ಇಳಿಯಲಿಲ್ಲ. ಇಳಿದದ್ದು ತರಬೇತಿ: ಮಕ್ಕಳು, ಹೆಲ್ಮೆಟ್ಟು, ಮಂಡಿಗವಸು, ತರಬೇತುದಾರರ ಸೀಟಿ. ಬೆಂಗಳೂರಿನ ಆರು ವರ್ಷದ ಬಾಲಕ ಗಗನ್ ಸತೀಶ್ 2014ರಲ್ಲಿ 39 ಕಾರುಗಳ ಅಡಿಯಲ್ಲಿ ನುಸುಳಿ ಸುದ್ದಿಯಾದ. ಮೆಚ್ಚಬೇಕಾದದ್ದೇ. ಆದರೂ ದಾಖಲೆಗೆ ಹಾಡು ಬೇಕಿಲ್ಲ, ಜೊತೆಗಾರರೂ ಬೇಕಿಲ್ಲ.

ಹಾಡಿನ ನಂಟು ಉಳಿದದ್ದು ಆರ್ಟಿಸ್ಟಿಕ್ ಸ್ಕೇಟಿಂಗ್ ಎಂಬ ಸ್ಪರ್ಧೆಯಲ್ಲಿ. 1956ರವರೆಗೆ ಬೀದರ್ ಜಿಲ್ಲೆ ಯಾವ ಸಂಸ್ಥಾನ-ರಾಜ್ಯದಲ್ಲಿತ್ತೋ ಅದರ ರಾಜಧಾನಿ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಕಂಚು ಗೆದ್ದರು: ಒಂದು ಏಕವ್ಯಕ್ತಿ ವಿಭಾಗದಲ್ಲಿ, ಇನ್ನೊಂದು ಅವನಿ ಪಂಚಾಲ್ ಜೊತೆಯಲ್ಲಿ. 2015ರ ಅರ್ಜುನ ಪ್ರಶಸ್ತಿಯೂ ಬಂತು. ಅಲ್ಲಿ ಲಯ ತಪ್ಪಿದರೆ ಅಂಕ ಹೋಗುತ್ತದೆ. ನೋಡಲು ಸೊಗಸು, ಆದರೆ ಕೆಲಸ ಮುಗಿಸಿ ಬಂದ ದರ್ಜಿಯೋ ದಾದಿಯೋ ಅಂಕದ ಭಯವಿಲ್ಲದೆ ಸುತ್ತು ಹಾಕುವ ಜಾಗ ಅದಲ್ಲ.

ಹಾಗೆ ನೋಡಿದರೆ ರಿಂಕ್‌ನ ಕುಣಿತಕ್ಕೂ ಕೋಲಾಟಕ್ಕೂ ಬಹಳ ದೂರವಿಲ್ಲ. ಎರಡೂ ವೃತ್ತದ ಆಟ. ಹೊಸಬ ಮುಂದಿನವನ ಕಾಲು ನೋಡಿಯೇ ಕಲಿಯುತ್ತಾನೆ. ತಾಳ ತಪ್ಪಿದವನಿಗೆ ಪಕ್ಕದವನೇ ಗುರು. ಕುಣಿಯುವವರಿಗೆ ವಯಸ್ಸಿನ ಮಿತಿಯನ್ನು ಯಾರೂ ಹಾಕಿದವರಿಲ್ಲ. ಸ್ಕೇಟಿಂಗಿಗೆ ನಾವೇ ಹಾಕಿಕೊಂಡೆವು.

ನೆಲದ ತೊಂದರೆ ದೊಡ್ಡದಲ್ಲ. ಸಂದಿಲ್ಲದ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣ, ಅಂದರೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ, ಹತ್ತಿಪ್ಪತ್ತು ಜನರ ಒಂದು ಸಂಜೆಗೆ ಸಾಕು. ತೊಡಕಿರುವುದು ಜೋಡಿನ ಬೆಲೆಯಲ್ಲಿ. ಇಲ್ಲಿ ಕಲಿಯಬೇಕೆಂದರೆ ಸಾಮಾನ್ಯವಾಗಿ ಮೊದಲು ಸ್ಕೇಟ್ ಕೊಳ್ಳಬೇಕು. ಬೆಳೆಯುವ ಮಗುವಿಗೆ ಮತ್ತೆ ಮತ್ತೆ. ಪ್ಲಿಂಪ್ಟನ್ ತನ್ನ ಜೋಡುಗಳನ್ನು ಮಾರದೆ ರಿಂಕ್‌ಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಅದು ಅವನ ವ್ಯಾಪಾರದ ಜಾಣತನವೇ ಹೊರತು ಉದಾರತನವಲ್ಲ. ಆದರೆ ರಿಂಕ್‌ಗಳಲ್ಲಿ ಆ ಬಾಡಿಗೆಯ ಪದ್ಧತಿ ಬೇರೂರಿದ್ದರಿಂದ, ಮುಂದೆ ಸ್ವಂತ ಜೋಡಿಲ್ಲದವನೂ ಟಿಕೆಟಿನ ಕಾಸಿಗೆ ಕೆಲವಾಣೆ ಸೇರಿಸಿ, ಕಟ್ಟೆಯ ಬಳಿ ತನ್ನ ಅಳತೆ ಹೇಳಿ, ಹಾಡು ಶುರುವಾಗುವ ಮುನ್ನ ಲಾಡಿ ಬಿಗಿದುಕೊಳ್ಳಬಹುದಾಯಿತು.