ಮಾತು ತಡವಾದ ಮಗು ಮತ್ತು ಮನೆಯ ಕನ್ನಡ

(ಹೇವರ್ಡ್‌ನಲ್ಲಿ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಾಹಿತ್ಯ, ಸಂಗೀತಗಳಿಗೆ ಮೀಸಲಾದ ವೇದಿಕೆಯಲ್ಲಿ ಇಂದು ಆಟಿಸಂ ಹಾಗೂ ಸಂವಹನದ ತೊಂದರೆಗಳ ವಿಚಾರಕ್ಕೆ ತಾವು ಎಡೆಮಾಡಿಕೊಟ್ಟಿದ್ದೀರಿ. ಅದಕ್ಕಾಗಿ ವಂದನೆಗಳು.

ಮಗುವಿನ ಮಾತು ತಡವಾದಾಗ ನಮ್ಮ ಮನೆಗಳಿಗೆ ಎರಡು ಸಲಹೆಗಳು ತಪ್ಪದೆ ಬರುತ್ತವೆ. ಊರಿನಿಂದ ಹಿರಿಯರು, "ಮನೆಯಲ್ಲಿ ಎರಡು ಭಾಷೆ, ಅದಕ್ಕೇ ತಡ; ಕಾಯಿರಿ" ಎನ್ನುತ್ತಾರೆ. ಇಲ್ಲಿನ ಹಿತೈಷಿಗಳು, "ಕನ್ನಡ ನಿಲ್ಲಿಸಿ, ಇಂಗ್ಲಿಷನ್ನೇ ಆಡಿ" ಎನ್ನುತ್ತಾರೆ. ಮೊದಲನೆಯದರಿಂದ ಅಮೂಲ್ಯವಾದ ಕಾಲ ಕಳೆಯುತ್ತದೆ, ಎರಡನೆಯದರಿಂದ ಮನೆಯ ಮಾತೇ ನಿಲ್ಲುತ್ತದೆ. ಎರಡಕ್ಕೂ ಆಧಾರವಿಲ್ಲ.

ಆಟಿಸಂ ಅಥವಾ ಸ್ವಲೀನತೆಯನ್ನು ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತ ಲೇಖನದಲ್ಲಿ ವಿವರಿಸಿದರು. ತಾಯಿಯ ಅಕ್ಕರೆಯ ಕೊರತೆಯೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಬಹುಕಾಲ ವೈದ್ಯರಲ್ಲೇ ಹರಡಿತ್ತು. ಇದೇ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ, ಸ್ವತಃ ಇಂಥ ಮಗುವಿನ ತಂದೆ, ಬರ್ನಾರ್ಡ್ ರಿಮ್‌ಲ್ಯಾಂಡ್ 1964ರ ತಮ್ಮ ಗ್ರಂಥದಲ್ಲಿ ಅದನ್ನು ಖಂಡಿಸಿದರು. ಅಂದು ತಾಯಿಯ ಅಕ್ಕರೆಯನ್ನು ದೂರಿದ ಲೋಕ ಇಂದು ತಾಯಿಯ ಭಾಷೆಯನ್ನು ದೂರುತ್ತಿದೆ. ಆದರೆ ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳು ಆ ಕಾರಣದಿಂದ ಹಿಂದುಳಿಯುವುದಿಲ್ಲವೆಂದು ಇದುವರೆಗಿನ ಸಂಶೋಧನೆಗಳು ತೋರಿಸಿವೆ. ಕನ್ನಡ ನಿಲ್ಲಿಸಿದ ಮನೆಯಲ್ಲಿ ಅಜ್ಜಿ ಮೊಮ್ಮಗುವಿನೊಡನೆ ಯಾವ ಭಾಷೆಯಲ್ಲಿ ಆಡಬೇಕು?

ಹಾಗಾದರೆ ಗಮನಿಸಬೇಕಾದುದೇನು? ಹನ್ನೆರಡು ತಿಂಗಳಾದರೂ ಹೆಸರು ಕರೆದರೆ ತಿರುಗದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, ಹದಿನಾರು ತಿಂಗಳಿಗೂ ಒಂದು ಪದ ಬಾರದಿರುವುದು, ಎರಡು ವರ್ಷವಾದರೂ ಎರಡು ಪದ ಕೂಡಿಸದಿರುವುದು, ಬಂದ ಮಾತು ಹೋಗುವುದು. ಪದಗಳನ್ನೆಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಬೇಕು. ಬೆರಳು ಮಾಡಿ ತೋರಿಸುವುದಕ್ಕಂತೂ ಕನ್ನಡವೂ ಬೇಡ, ಇಂಗ್ಲಿಷೂ ಬೇಡ. ಈ ಲಕ್ಷಣಗಳೆಲ್ಲ ಆಟಿಸಂ ಎಂದೇ ಅರ್ಥವಲ್ಲ. ಕಿವಿಯ ಪರೀಕ್ಷೆಯನ್ನು ಮರೆಯಬಾರದು.

ಹೇವರ್ಡ್ ಸೇರಿದ ಅಲಮೀಡಾ ಕೌಂಟಿಯವರಿಗೆ ರೀಜನಲ್ ಸೆಂಟರ್ ಆಫ್ ದಿ ಈಸ್ಟ್ ಬೇ ಇದೆ. ಇಂಥ ಕೇಂದ್ರಗಳಿಗೆ 1969ರ ಲ್ಯಾಂಟರ್‌ಮನ್ ಕಾಯಿದೆಯೇ ಬುನಾದಿ. ಮೂರು ವರ್ಷ ತುಂಬದ ಮಗುವಿಗಾಗಿ ಪೋಷಕರೇ ನೇರವಾಗಿ ಅಲ್ಲಿ ಕೇಳಬಹುದು. ಮೂರು ದಾಟಿದರೆ ಶಾಲಾ ಡಿಸ್ಟ್ರಿಕ್ಟಿಗೆ ಬರಹದಲ್ಲಿ ಮನವಿ ಕೊಡಬೇಕು. ಸಾಧ್ಯವಿರುವೆಡೆ ಮಗುವಿನ ಮನೆಮಾತಿನಲ್ಲೇ ಪರೀಕ್ಷಿಸಬೇಕೆಂದು ಕಾನೂನೇ ಹೇಳುತ್ತದೆ; ಅದನ್ನು ಕೇಳಲು ಸಂಕೋಚ ಬೇಡ. ಊರಿಗೆ ಹೋದಾಗ ಕನ್ನಡದಲ್ಲೇ ಸಲಹೆ ಪಡೆಯಲು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು ಆರಂಭಿಸಿದ ಕಾಮ್ ಡೀಲ್ ಇದೆ.

ಮಾತು ಬಾರದ ಮಗುವಿಗೆ ಹೇಳಲು ಏನೂ ಇಲ್ಲವೆಂದು ಭಾವಿಸಬಾರದು. ಚಿತ್ರ, ಸನ್ನೆ, ಟ್ಯಾಬ್ಲೆಟ್‌ಗಳಿಂದಲೂ ಅದು ಹೇಳಬಲ್ಲುದು. ಇವುಗಳಿಂದ ಮಾತು ಬರುವುದು ನಿಲ್ಲುತ್ತದೆಂಬ ಭಯವೂ ನಿರಾಧಾರ. ಆ ಚಿತ್ರಗಳ ಕೆಳಗೆ 'ನೀರು', 'ಸಾಕು', 'ಅಮ್ಮ' ಎಂದು ಕನ್ನಡದಲ್ಲೂ ಬರೆಯೋಣ.

ಕಡೆಯದಾಗಿ, ನಮ್ಮ ಸಭೆಗಳ ಮಾತು. ಮೈಕಿನ ಸದ್ದಿಗೆ ಮಗು ಕಿವಿ ಮುಚ್ಚಿ ಕೂಗಿದಾಗ ನಾಲ್ವರು ತಿರುಗಿ ನೋಡಿದರೆ, ಆ ಕುಟುಂಬ ಮುಂದಿನ ಯುಗಾದಿಗೆ ಬರುವುದಿಲ್ಲ. ಸಭಾಂಗಣದ ಪಕ್ಕದಲ್ಲೊಂದು ನಿಶ್ಶಬ್ದವಾದ ಕೋಣೆಯನ್ನು ಬಿಡಿಸಿಡೋಣ. ಊಟದ ಸಾಲಿನಲ್ಲಿ ಆ ತಾಯಿಗೆ ಮುಂದೆ ದಾರಿ ಬಿಡೋಣ. ಮಗು ಉತ್ತರಿಸದಿದ್ದರೂ ಅದರೊಡನೆ ಕನ್ನಡದಲ್ಲಿ ಮಾತಾಡೋಣ.