ಮನೆಯ ಮೊಸರು ಮತ್ತು ನಮ್ಮ ನರಗಳು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘಕ್ಕೆ ಎಷ್ಟು ಹಾಲು ಬಂತು ಎಂಬುದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾನು ಮಾತಾಡುವುದು ಮನೆಯಲ್ಲಿ ಉಳಿಯದ ಹಾಲಿನ ಬಗ್ಗೆ. ನಿರ್ದೇಶಕನಾದವನು ಹೀಗೆ ಹೇಳಬಹುದೋ ಬಾರದೋ, ನೀವೇ ತೀರ್ಮಾನಿಸಿ.

ನಮ್ಮದು ಸಸ್ಯಾಹಾರಿ ಮನೆ. ದನ ಕರೆದ ಹಾಲೆಲ್ಲ ಕ್ಯಾನಿಗೆ. ಮನೆಗೆ ಚಾಕ್ಕೆ ಒಂದು ಲೋಟ, ಊಟಕ್ಕೆ ನೀರಿನಂಥ ಮಜ್ಜಿಗೆ. ಅಮ್ಮನಿಗೆ ಅದೂ ಬೇಡ. "ಸಂಘಕ್ಕೆ ಹಾಕ್ರೆ ದುಡ್ಡ್ ಸಿಕ್ಕತ್ತ್, ಕುಡ್ದ್ರೆ ಎಂತ ಸಿಕ್ಕತ್ತ್?" ಅನ್ನುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರ ಪಾದ ಜುಮುಜುಮು ಎನ್ನಲು ಶುರುವಾಯಿತು. ವಾತ ಎಂದು ಎಣ್ಣೆ ತಿಕ್ಕಿದೆವು. ಒಂದು ವರ್ಷ ಹೀಗೇ ಹೋಯಿತು. ಕಾಲಿನ ಚಪ್ಪಲಿ ಜಾರಿದ್ದೂ ತಿಳಿಯದೆ ಅಂಗಳದಲ್ಲಿ ಬಿದ್ದ ಮೇಲೆ ಡಾಕ್ಟರಲ್ಲಿಗೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಬಿ-12 ಜೀವಸತ್ವ ತೀರಾ ಕಡಿಮೆ ಎಂದು ಬಂತು.

ಕರೆಂಟು ತಂತಿಗೆ ರಬ್ಬರ್ ಹೊದಿಕೆ ಇರುವಂತೆ ನಮ್ಮ ನರಕ್ಕೂ ಒಂದು ಹೊದಿಕೆ ಉಂಟು. ಅದು ಸರಿಯಾಗಿರಲು ಬಿ-12 ಬೇಕು. ಇಲ್ಲದಿದ್ದರೆ ಜೋಮು, ನಡಿಗೆಯಲ್ಲಿ ಓಲಾಟ, ಮರೆವು, ಸುಸ್ತು. ಬೇಗ ಚಿಕಿತ್ಸೆ ಆದರೆ ಗುಣವಾಗುತ್ತದೆ, ತಡವಾದರೆ ಪೂರ್ತಿ ಸರಿಯಾಗದಿರಬಹುದು. ಇಂಜೆಕ್ಷನ್ ಆದ ಮೇಲೆ ಅಮ್ಮ ನಡೆಯುತ್ತಾರೆ. ಆದರೆ ಅಂಗಾಲಿನ ಜೋಮು ಇವತ್ತಿಗೂ ಬಿಟ್ಟಿಲ್ಲ. ಆ ಒಂದು ವರ್ಷ ನನ್ನ ತಪ್ಪು.

1948ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿ ತೆಗೆದ ಈ ಸತ್ವ ಅನ್ನದಲ್ಲಿಲ್ಲ, ತರಕಾರಿಯಲ್ಲಿಲ್ಲ. ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ದನದ ಹೊಟ್ಟೆಯಲ್ಲಿ ಅವು ಇದನ್ನು ಮಾಡುತ್ತವೆ, ಅದಕ್ಕೆ ಕೋಬಾಲ್ಟ್ ಎಂಬ ಖನಿಜ ಬೇಕು. ನಾವು ದನಕ್ಕೆ ಕೊಡುವ ಖನಿಜ ಮಿಶ್ರಣದಲ್ಲಿ ಅದೂ ಸೇರಿದೆ. ಮೀನು, ಮೊಟ್ಟೆ ತಿನ್ನುವವರಿಗೆ ಅಲ್ಲಿಯೂ ಸಿಗುತ್ತದೆ. ಸಸ್ಯಾಹಾರಿಗೆ ಹಾಲು, ಮೊಸರೇ ಗತಿ.

ಲೆಕ್ಕ ಹೇಳುತ್ತೇನೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ. ಅರ್ಧ ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ 2 ಮೈಕ್ರೋಗ್ರಾಂ ಉಂಟು. ಹೆಪ್ಪು ಹಾಕಿದಾಗ ಸ್ವಲ್ಪ ಕಡಿಮೆಯಾಗಬಹುದು. ಆದರೂ ಹಾಲು ಅರಗದವರಿಗೆ ಮೊಸರು ಸುಲಭ. ನೀರು ಮಜ್ಜಿಗೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಹಾಲು ಕುದಿಸಿಯೇ ಹೆಪ್ಪು ಹಾಕಿ. ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಬರಬಹುದು, ಅದು ನರಕ್ಕೂ ತಾಗಬಹುದು.

ಇನ್ನೊಂದು ಮಾತು. ಹುದುಗಿದ ಹಾಲು ನರಕ್ಕೆ ಆಗುವ ಪೆಟ್ಟನ್ನು ತಡೆಯುತ್ತದೆಯೇ ಎಂದು ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರೆ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಆದ್ದರಿಂದ ಮೊಸರನ್ನು ಮದ್ದು ಎಂದು ನಾನು ಹೇಳುವುದಿಲ್ಲ. ಬಾಯಿ ಸೊಟ್ಟಗಾಯಿತು, ಕೈ ಸೋತಿತು ಎಂದರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಅಡಿಕೆ ಮರದಿಂದ ಬಿದ್ದವರನ್ನು ಮಡಚಿ ಎತ್ತಬೇಡಿ, ಕುತ್ತಿಗೆ ಬೆನ್ನು ಅಲುಗದಂತೆ ಹಲಗೆಯ ಮೇಲೆ ಸಾಗಿಸಿ. ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರು ಮೊಸರು ತಿಂದರೂ ಮೈಗೆ ಹತ್ತದಿರಬಹುದು. ಅಂಥವರು ಡಾಕ್ಟರಲ್ಲಿ ಕೇಳಿ ಪರೀಕ್ಷೆ ಮಾಡಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ನನ್ನ ಬೇಡಿಕೆ ಇಷ್ಟೇ. ಹಾಲು ಕರೆದ ಕೂಡಲೇ ಮನೆಯ ಜನಕ್ಕೆ ತಕ್ಕಷ್ಟು ತೆಗೆದಿಟ್ಟು, ಉಳಿದದ್ದನ್ನು ಸಂಘಕ್ಕೆ ತನ್ನಿ. ಮುಂದಿನ ವರದಿಯಲ್ಲಿ ಲೀಟರು ಸ್ವಲ್ಪ ಇಳಿದರೂ ಇಳಿಯಲಿ. ಹಾಲು ಕರೆಯುವ ಕೈಗೆ ಜೋಮು ಹಿಡಿದರೆ ಸಂಘ ಉಳಿಯುವುದು ಹೇಗೆ?